ತಾಯಿಯ ತಪ್ಪಲ್ಲ

ವೀಕ್ಷಕರೇ, ಬೆಳಗಾವಿ ಜಿಲ್ಲೆಯ ಯರಗಟ್ಟಿಯಲ್ಲಿ ಇರಬಹುದಾದ ಒಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ಮೂರು ವರ್ಷದ ಹುಡುಗ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲ್ಲ. ಆಟದ ಗಾಡಿ ಕೊಟ್ಟರೆ ಓಡಿಸಲ್ಲ, ಗಾಲಿ ತಿರುಗಿಸುತ್ತಾ ಕೂರುತ್ತಾನೆ. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಕರೆದೊಯ್ದರೆ ಚೌಡಿಕೆ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ಓಣಿಯವರು ದೃಷ್ಟಿ ತಾಗಿದೆ ಅಂತಾರೆ, ದೇವರ ಕಾಟ ಅಂತಾರೆ. ಕೊನೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಹೋದರೆ ವೈದ್ಯರು ಹೇಳುವುದು ಒಂದೇ ಶಬ್ದ: ಆಟಿಸಂ. ಆಗ ತಾಯಿ ಕೇಳುವ ಮೊದಲ ಪ್ರಶ್ನೆ ಏನು ಗೊತ್ತಾ? "ನನ್ನಿಂದ ಏನರ ತಪ್ಪಾತೇನ್ರಿ ಸಾಹೇಬ್ರ?"

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

1943. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಎಂಬ ಸ್ಥಿತಿ ಜಗತ್ತಿಗೆ ಪರಿಚಯವಾಗಿದ್ದೇ ಆ ಲೇಖನದಿಂದ. ಇದು ಹುಟ್ಟಿನಿಂದಲೇ ಬಂದದ್ದು ಎಂದು ಅವರೇ ಬರೆದಿದ್ದರು. ಆದರೆ ಅದೇ ಲೇಖನದಲ್ಲಿ, ಈ ಮಕ್ಕಳ ಹೆತ್ತವರಲ್ಲಿ ಅಕ್ಕರೆಯವರು ಕಡಿಮೆ ಅಂತಲೂ ಸೇರಿಸಿದರು. ಬೆಂಕಿ ಹತ್ತಿದ್ದು ಅಲ್ಲಿಂದ. 'ರೆಫ್ರಿಜರೇಟರ್ ತಾಯಂದಿರು' ಎಂಬ ಮಾತೇ ಹುಟ್ಟಿಕೊಂಡಿತು. ತಾಯಿಯ ಮನಸ್ಸು ಫ್ರಿಜ್‌ನಂತೆ ತಣ್ಣಗಿದ್ದರೆ ಮಗು ಹೀಗಾಗುತ್ತದಂತೆ! 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಇದೇ ವಾದದ ಮೇಲೆ ಪುಸ್ತಕ ಬರೆದು ಹೆಸರು ಮಾಡಿದರು.

ನೋಡಿ, ದೃಷ್ಟಿ ತೆಗೆಯುವ ಹಳ್ಳಿಯ ಅಜ್ಜಿಯನ್ನು ಕಂಡು ನಾವು ನಗ್ತೀವಿ. ದೊಡ್ಡ ದೊಡ್ಡ ಪದವಿ ಪಡೆದವರು ಮಾಡಿದ್ದೇನು? ಅಜ್ಜಿಯಾದರೂ ಊರಿನ ಕಣ್ಣನ್ನು ದೂರಿದಳು. ಇವರು ಹೆತ್ತವಳನ್ನೇ ಕಟಕಟೆಗೆ ಹತ್ತಿಸಿದರು.

ಆ ಸುಳ್ಳಿಗೆ ದೊಡ್ಡ ಪೆಟ್ಟು ಕೊಟ್ಟವರಲ್ಲಿ ಒಬ್ಬ ಅಪ್ಪನೂ ಇದ್ದ. ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ. ಇದಕ್ಕೆ ಕಾರಣ ದೇಹದಲ್ಲಿದೆ, ಲಾಲನೆ ಪಾಲನೆಯಲ್ಲಿಲ್ಲ ಎಂದು 1964ರಲ್ಲೇ ಪುಸ್ತಕ ಬರೆದ. 1969ರಲ್ಲಿ ಕ್ಯಾನರ್ ಕೂಡ ಪೋಷಕರ ಸಭೆಯಲ್ಲಿ ನಿಂತು, ನೀವು ನಿರ್ದೋಷಿಗಳು ಎಂದರು. 1977ರಲ್ಲಿ ಫೋಲ್ಸ್ಟೈನ್ ಮತ್ತು ರಟ್ಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ, ವಂಶವಾಹಿಯ ಪಾತ್ರ ದೊಡ್ಡದು ಎಂದು ತೋರಿಸಿದರು. ತೀರ್ಪು ಬಂತು. ಆದರೆ ಆ ತೀರ್ಪು ನಮ್ಮ ಹಳ್ಳಿಗಳಿಗೆ ಮುಟ್ಟಿತಾ?

ನಮ್ಮ ಕಾನೂನಿಗೇ ತಡವಾಗಿ ಮುಟ್ಟಿತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಪ್ರಮಾಣಪತ್ರ, ಯುಡಿಐಡಿ ಕಾರ್ಡ್, 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಇವೆಲ್ಲ ಇವತ್ತು ಹಕ್ಕಿನಿಂದ ಕೇಳಬಹುದು.

ಆದರೆ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಮನೆಯವರಿಗೆ ವಿಷಯ ಅರ್ಥವಾಗಲ್ಲ. ಅದನ್ನು ಕೂರಿಸಿಕೊಂಡು ಹೇಳಬೇಕು. ಅತ್ತೆಗೆ ಹೇಳಬೇಕು: ಇದು ಸೊಸೆಯ ತಪ್ಪಲ್ಲ. ಅಣ್ಣನಿಗೆ ಹೇಳಬೇಕು: ತಮ್ಮ ಹಟಮಾರಿ ಅಲ್ಲ, ಆ ಸದ್ದು ಅವನಿಗೆ ನಿಜವಾಗಿಯೂ ನೋವು ಕೊಡುತ್ತೆ. ಎಲ್ಲಕ್ಕಿಂತ ಮುಖ್ಯ, ತಿಳಿಯುವ ವಯಸ್ಸಿಗೆ ಆ ಹುಡುಗನಿಗೇ ಹೇಳಬೇಕು: ನಿನ್ನ ಮೆದುಳು ಬೇರೆ ರೀತಿ ಕೆಲಸ ಮಾಡುತ್ತೆ, ಅದಕ್ಕೇ ಕೆಲವು ಕಷ್ಟ, ಕೆಲವು ಸುಲಭ. ನಾವು ಹೇಳದಿದ್ದರೆ ಶಾಲೆಯಲ್ಲಿ ಯಾರೋ 'ಹುಚ್ಚ' ಅಂತ ಹೇಳ್ತಾರೆ. ಅವನು ಅದನ್ನೇ ನಂಬ್ತಾನೆ.

ಇನ್ನು ಆ ತಾಯಿ ಕೇಳಿದ ಪ್ರಶ್ನೆ. ವಿಜ್ಞಾನ ಉತ್ತರ ಕೊಟ್ಟು ಐದು ದಶಕ ಕಳೆಯಿತು. ಅವಳ ಭಾಷೆಯಲ್ಲಿ ಅದನ್ನು ಹೇಳುವುದೊಂದೇ ಬಾಕಿ: "ನಿನ್ನ ತಪ್ಪೇನೂ ಇಲ್ಲವ್ವಾ."