ಒಂದೇ ಆಕಾಶ, ಎರಡು ಕಣ್ಣು: ನಾಗರಿಕ ಮತ್ತು ಸೈನಿಕ ಉಪಗ್ರಹಗಳ ನೀತಿ ಕಥನ



ಸಾಹಿತ್ಯ ಸಂಗೀತಗಳ ಸಮ್ಮೇಳನದಲ್ಲಿ ಉಪಗ್ರಹದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಿಯಾಟಲ್ ಸುತ್ತಮುತ್ತ ಬದುಕುವ ನಮಗೆ ಇದು ದೂರದ ವಿಷಯವಲ್ಲ. ಇಲ್ಲಿಗೆ ಮಳೆ, ಗಾಳಿ, ಚಂಡಮಾರುತ ಎಲ್ಲವೂ ಬರುವುದು ಪೆಸಿಫಿಕ್ ಸಾಗರದ ಕಡೆಯಿಂದ. ಆ ಅಪಾರ ನೀರಿನ ಮೇಲೆ ಹವಾಮಾನ ಕೇಂದ್ರಗಳನ್ನು ನೆಡುವುದು ಸಾಧ್ಯವಿಲ್ಲ. 2024ರ ನವೆಂಬರ್‌ನಲ್ಲಿ 'ಬಾಂಬ್ ಸೈಕ್ಲೋನ್' ಬೀಸಿ ಲಕ್ಷಾಂತರ ಮನೆಗಳಲ್ಲಿ ಕರೆಂಟು ಹೋಗಿದ್ದು ನಿಮಗೆ ನೆನಪಿದೆ. ಅಂಥ ಬಿರುಗಾಳಿ ಸಮುದ್ರದ ಮೇಲೆ ರೂಪುಗೊಳ್ಳುವುದನ್ನು ಮೊದಲೇ ಕಂಡು ಹೇಳುವ ಕಣ್ಣು ಆಕಾಶದಲ್ಲಿದೆ. ಆ ಕಣ್ಣಿನ ಒಡೆಯರು ಯಾರು, ಅದು ಕಂಡದ್ದನ್ನು ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸುವವರು ಯಾರು ಎಂಬುದೇ ಇಂದಿನ ವಿಷಯ. ಅಮೆರಿಕ ಮತ್ತು ಭಾರತ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕಂಡುಕೊಂಡವು. ಎರಡೂ ಮನೆಗಳ ಉಪ್ಪು ತಿಂದ ನಾವು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಚಿತ.

ಅಮೆರಿಕದಲ್ಲಿ ಆರಂಭದಲ್ಲೇ ಮನೆ ಇಬ್ಭಾಗವಾಗಿತ್ತು. 1958ರ ಜುಲೈ 29ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಬಾಹ್ಯಾಕಾಶ ಕಾಯ್ದೆ ನಾಸಾವನ್ನು ನಾಗರಿಕ ಸಂಸ್ಥೆಯಾಗಿ ಕಟ್ಟಿ, ರಕ್ಷಣೆಗೆ ಸಂಬಂಧಿಸಿದ ಕೆಲಸವನ್ನು ರಕ್ಷಣಾ ಇಲಾಖೆಗೆ ಬಿಟ್ಟಿತು. ಸುಮಾರು ಎರಡು ವರ್ಷದಲ್ಲಿ ಎರಡೂ ಕಣ್ಣು ತೆರೆದವು. 1960ರ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಮೋಡಗಳ ಚಿತ್ರ ಕಳಿಸಿತು. ಅದನ್ನು ಲೋಕವೆಲ್ಲ ಪತ್ರಿಕೆಯಲ್ಲಿ ನೋಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕರೋನಾ ಎಂಬ ಬೇಹುಗಾರಿಕೆ ಉಪಗ್ರಹ ಸೋವಿಯತ್ ನೆಲದ ಚಿತ್ರ ತೆಗೆದ ಫಿಲ್ಮನ್ನು ಡಬ್ಬಿಯಲ್ಲಿ ಹಾಕಿ ಕೆಳಗೆ ಬಿಟ್ಟಿತು. ಹವಾಯಿ ಬಳಿ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಆ ಡಬ್ಬಿಯನ್ನು ವಿಮಾನವೊಂದು ಗಾಳಿಯಲ್ಲೇ ಹಿಡಿಯಿತು. ಇದನ್ನು ಲೋಕ ನೋಡಲಿಲ್ಲ. ಕರೋನಾ ಸರಣಿಯ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳು ಹೊರಬರಲು 1995ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶ ಹೊರಡಿಸಬೇಕಾಯಿತು. ಈ ಗೂಢಚಾರ ಉಪಗ್ರಹಗಳನ್ನು ನೋಡಿಕೊಳ್ಳಲು 1961ರಲ್ಲಿ ಹುಟ್ಟಿದ ಕಚೇರಿ ಅಸ್ತಿತ್ವದಲ್ಲಿದೆ ಎಂಬುದನ್ನೇ ಸರ್ಕಾರ ಒಪ್ಪಿಕೊಂಡದ್ದು 1992ರಲ್ಲಿ.

ಇದರ ಜೊತೆಗೆ ಇನ್ನೊಂದು ಸಮಸ್ಯೆ ಬಂತು. ಲಕ್ಷಾಂತರ ಡಾಲರ್ ಸುರಿದು ತೆಗೆದ ಫಿಲ್ಮಿನಲ್ಲಿ ಬರೀ ಮೋಡವೇ ಕಂಡರೆ ಏನು ಗತಿ? ಎಲ್ಲಿ ಆಕಾಶ ತಿಳಿಯಾಗಿದೆ ಎಂದು ಮೊದಲೇ ಹೇಳಲು ಸೈನ್ಯ ತನ್ನದೇ ಹವಾಮಾನ ಉಪಗ್ರಹ ಕಟ್ಟಿಕೊಂಡಿತು. 1962ರಿಂದ ಹಾರಿದ ಈ ಸರಣಿಗೆ ಮುಂದೆ ಡಿಎಂಎಸ್‌ಪಿ ಎಂದು ಹೆಸರಾಯಿತು. ಅತ್ತ ನಾಗರಿಕ ಹವಾಮಾನ ಇಲಾಖೆಯೂ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳನ್ನು ಹಾರಿಸುತ್ತಿತ್ತು. ಒಂದೇ ಭೂಮಿ, ಒಂದೇ ಮೋಡ, ಆದರೆ ಎರಡು ಒಲೆ, ಎರಡು ಅಡುಗೆ, ಎರಡು ಖರ್ಚು.

ಶೀತಲ ಸಮರ ಮುಗಿದ ಮೇಲೆ ಈ ಎರಡು ಒಲೆಯ ಲೆಕ್ಕ ಸಂಸತ್ತಿನ ಕಣ್ಣಿಗೆ ಬಿತ್ತು. 1994ರ ಮೇ 5ರಂದು ಕ್ಲಿಂಟನ್ ನಿರ್ದೇಶನ ಹೊರಡಿಸಿದರು: ಸೈನ್ಯ ಮತ್ತು ನಾಗರಿಕ ಧ್ರುವೀಯ ಹವಾಮಾನ ಉಪಗ್ರಹಗಳನ್ನು ಒಂದುಗೂಡಿಸಬೇಕು. ರಕ್ಷಣಾ ಇಲಾಖೆ, ಸಾಗರ ಮತ್ತು ವಾಯುಮಂಡಲದ ಸಂಸ್ಥೆಯಾದ ನೋವಾ ಹಾಗೂ ನಾಸಾ ಸೇರಿ ಎನ್‌ಪೋಸ್ ಎಂಬ ಕೂಡು ಕುಟುಂಬ ಏರ್ಪಟ್ಟಿತು. ಖರ್ಚನ್ನು ರಕ್ಷಣಾ ಇಲಾಖೆ ಮತ್ತು ನೋವಾ ಅರ್ಧರ್ಧ ಹಂಚಿಕೊಳ್ಳಬೇಕು, ಹೊಸ ತಂತ್ರಜ್ಞಾನವನ್ನು ನಾಸಾ ಒದಗಿಸಬೇಕು. ಆರು ಉಪಗ್ರಹಗಳಿಗೆ ಅಂದಾಜು ಸುಮಾರು 650 ಕೋಟಿ ಡಾಲರ್. ಕಾಗದದ ಮೇಲೆ ಇದಕ್ಕಿಂತ ವಿವೇಕದ ಯೋಜನೆ ಇನ್ನೊಂದಿರಲಿಲ್ಲ.

ಕೆಟ್ಟಿದ್ದು ಎಲ್ಲಿ? ಮೂರು ಇಲಾಖೆಗಳ ಹಿರಿಯ ಅಧಿಕಾರಿಗಳ ಸಮಿತಿಯೇ ಇದರ ಯಜಮಾನ. ಮೂವರೂ ಸಮಾನರು, ಮೂವರ ಮೇಲೆ ಒಬ್ಬ ಹಿರಿಯನಿಲ್ಲ. ಅವರ ಬೇಡಿಕೆಗಳೂ ಒಂದೇ ಆಗಿರಲಿಲ್ಲ. ಸೈನ್ಯಕ್ಕೆ ಯುದ್ಧಭೂಮಿಯ ಮೇಲಿನ ಮೋಡದ ಸ್ಪಷ್ಟ ಚಿತ್ರ ಬೇಕು. ನೋವಾಕ್ಕೆ ಮುನ್ಸೂಚನೆಯ ಲೆಕ್ಕಕ್ಕಾಗಿ ಗಾಳಿಯ ಪದರ ಪದರದ ಉಷ್ಣಾಂಶ, ತೇವಾಂಶ ಬೇಕು. ಹವಾಗುಣ ವಿಜ್ಞಾನಿಗಳಿಗೆ ದಶಕಗಳವರೆಗೆ ತಪ್ಪದ ನಿಖರ ಅಳತೆ ಬೇಕು. ಎಲ್ಲರ ಬೇಡಿಕೆಯನ್ನೂ ಒಂದೇ ಉಪಗ್ರಹಕ್ಕೆ ಹೇರಿದಾಗ ಅದು ಭಾರವಾಯಿತು, ತಡವಾಯಿತು, ದುಬಾರಿಯಾಯಿತು. 2006ರಲ್ಲಿ ಖರ್ಚು ಕಾನೂನಿನ ಮಿತಿ ಮೀರಿ ಯೋಜನೆಯನ್ನು ಕತ್ತರಿಸಬೇಕಾಯಿತು. ಆರು ಉಪಗ್ರಹಗಳು ನಾಲ್ಕಾದವು. ಹವಾಗುಣ ಅಳೆಯುವ ಉಪಕರಣಗಳಿಗೆ ಮೊದಲು ಕತ್ತರಿ ಬಿತ್ತು, ಕೆಲವನ್ನು ಆಮೇಲೆ ಮತ್ತೆ ಸೇರಿಸಿಕೊಂಡರು. ಕೊನೆಯ ಹೊತ್ತಿಗೆ ಅಂದಾಜು 1,400 ಕೋಟಿ ಡಾಲರ್ ದಾಟಿತ್ತು. ಒಂದು ಉಪಗ್ರಹವೂ ಹಾರಿರಲಿಲ್ಲ. 2010ರ ಫೆಬ್ರುವರಿ 1ರಂದು ಒಬಾಮಾ ಸರ್ಕಾರ ಹಿಸ್ಸೆ ಮಾಡಿಕೊಟ್ಟಿತು: ಮಧ್ಯಾಹ್ನ ಹಾಯುವ ಕಕ್ಷೆ ನೋವಾ ಮತ್ತು ನಾಸಾಕ್ಕೆ, ಬೆಳಗಿನ ಜಾವದ್ದು ಸೈನ್ಯಕ್ಕೆ, ನಡುಬೆಳಗಿನದು ಯುರೋಪಿನ ಉಪಗ್ರಹಗಳಿಗೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರಲ್ಲ, ಹಾಗೆ ಇಲ್ಲಿ ಬಡವಾಗುವ ಅಪಾಯವಿದ್ದದ್ದು ಜನರ ಹವಾಮಾನ ಸೇವೆ. ಹಳೆಯ ಉಪಗ್ರಹಗಳು ಮುದಿಯಾಗುತ್ತಿದ್ದವು, ಹೊಸವು ಬಂದಿರಲಿಲ್ಲ. ಎನ್‌ಪೋಸ್‌ನ ಉಪಕರಣಗಳನ್ನು ಪರೀಕ್ಷಿಸಲೆಂದು ರೂಪಿಸಿದ್ದ ಸುವೋಮಿ ಎನ್‌ಪಿಪಿ 2011ರ ಅಕ್ಟೋಬರ್ 28ರಂದು ಹಾರಿ, ದಿನನಿತ್ಯದ ಮುನ್ಸೂಚನೆಯ ಭಾರವನ್ನೇ ಹೊತ್ತಿತು. ಮಾರನೆಯ ವರ್ಷ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಗೆ ಅಪ್ಪಳಿಸಿತು. ಆಮೇಲೆ ಯುರೋಪಿನ ಹವಾಮಾನ ಕೇಂದ್ರ ಒಂದು ಪ್ರಯೋಗ ಮಾಡಿತು. ಧ್ರುವೀಯ ಉಪಗ್ರಹಗಳ ಮಾಹಿತಿಯನ್ನು ಕಳೆದು ಮತ್ತೆ ಲೆಕ್ಕ ಹಾಕಿದಾಗ, ಸ್ಯಾಂಡಿ ದಡಕ್ಕೆ ಬಾರದೆ ಸಮುದ್ರದಲ್ಲೇ ಉಳಿಯುತ್ತದೆ ಎಂಬ ಉತ್ತರ ಬಂತು. ಆ ಉತ್ತರವನ್ನು ನಂಬಿ ಕೂತಿದ್ದರೆ ಏನಾಗುತ್ತಿತ್ತು, ನೀವೇ ಊಹಿಸಿ.

ಬೇರೆಯಾದ ಮೇಲೂ ಎರಡು ಮನೆಗಳ ನಂಟು ಕಡಿಯಲಿಲ್ಲ. ಸೈನ್ಯ ಹೊಸದಾಗಿ ಹೊರಟ ಯೋಜನೆ 2012ರಲ್ಲಿ ರದ್ದಾಯಿತು. ಕಟ್ಟಿ ಮುಗಿಸಿ ವರ್ಷಗಟ್ಟಲೆ ಗೋದಾಮಿನಲ್ಲಿಟ್ಟಿದ್ದ ಕೊನೆಯ ಡಿಎಂಎಸ್‌ಪಿ ಉಪಗ್ರಹಕ್ಕೆ ಸಂಸತ್ತು ಹಣ ಕೊಡದೆ, ಅದು ಹಾರದೆಯೇ ಬಿಡಿಭಾಗವಾಯಿತು. 2025ರ ಜೂನ್‌ನಲ್ಲಿ, ಉಳಿದ ಹಳೆಯ ಡಿಎಂಎಸ್‌ಪಿಗಳ ಮೈಕ್ರೋವೇವ್ ಮಾಹಿತಿಯನ್ನು ಹೊರಗಿನವರಿಗೆ ಕೊಡುವುದನ್ನು ಕೆಲವೇ ದಿನಗಳಲ್ಲಿ ನಿಲ್ಲಿಸುವುದಾಗಿ ಪ್ರಕಟಣೆ ಬಂತು. ಚಂಡಮಾರುತದ ಒಳರಚನೆ ನೋಡುವವರೂ ಧ್ರುವಪ್ರದೇಶದ ಹಿಮ ಅಳೆಯುವವರೂ ಗಾಬರಿಯಾದರು. ಆಕ್ಷೇಪ ಎದ್ದ ಮೇಲೆ ಗಡುವು ಮುಂದಕ್ಕೆ ಹೋಯಿತು. ಉಪಗ್ರಹ ಕೆಟ್ಟಿರಲಿಲ್ಲ, ಆಂಟೆನಾ ಮುರಿದಿರಲಿಲ್ಲ. ನಲ್ಲಿ ಯಾರ ಕೈಯಲ್ಲಿದೆ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಈಗ ತಾಯಿನಾಡಿನ ಕಡೆ ತಿರುಗೋಣ. ಭಾರತ ಬೇರೆ ದಾರಿ ಹಿಡಿಯಿತು. ಹಣ ಕಡಿಮೆ, ಪರಿಣತರೂ ಕೆಲವರೇ. ಎರಡು ಒಲೆ ಹೂಡುವ ಯೋಚನೆಯೇ ಸಾಧ್ಯವಿರಲಿಲ್ಲ. 1972ರಲ್ಲಿ ಬಾಹ್ಯಾಕಾಶ ಇಲಾಖೆ ಹುಟ್ಟಿತು. ಅದರ ಹೊಣೆ ಹೊರಲು ಸತೀಶ್ ಧವನ್ ಅವರು ಎರಡು ಷರತ್ತು ಹಾಕಿದರು: ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನದಲ್ಲಿ ತಾವು ಮುಂದುವರಿಯಬೇಕು, ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಬೆಂಗಳೂರು ಬಾಹ್ಯಾಕಾಶದ ಊರಾದದ್ದು ಹೀಗೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ಮುಂದಾಳತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿತು. 1979ರ ಭಾಸ್ಕರ-1 ನಮ್ಮ ಮೊದಲ ಭೂವೀಕ್ಷಣಾ ಉಪಗ್ರಹ. ಅದರ ಕ್ಯಾಮೆರಾದಲ್ಲಿ ಒಂದು ಕಿಲೋಮೀಟರಿಗಿಂತ ಸಣ್ಣದೇನೂ ಕಾಣುತ್ತಿರಲಿಲ್ಲ. 1988ರ ಐಆರ್‌ಎಸ್-1ಎ ಸುಮಾರು 36 ಮೀಟರಿಗೆ ಬಂತು. 1995ರ ಐಆರ್‌ಎಸ್-1ಸಿ 5.8 ಮೀಟರಿಗೆ ಬಂದಾಗ, ಆ ಕಾಲಕ್ಕೆ ಜಗತ್ತಿನ ನಾಗರಿಕ ಉಪಗ್ರಹಗಳಲ್ಲೇ ಅದು ಅತಿ ಚುರುಕಿನ ಕಣ್ಣು. ಅಮೆರಿಕದ ಕಂಪನಿಯೇ ಅದರ ಚಿತ್ರಗಳನ್ನು ಇಲ್ಲಿ ಮಾರುತ್ತಿತ್ತು.

ಇಷ್ಟು ಹತ್ತಿರದಿಂದ ಕಾಣತೊಡಗಿದ ಮೇಲೆ ಬೆಳೆ ನೋಡುವ ಕಣ್ಣಿಗೂ ಗಡಿ ನೋಡುವ ಕಣ್ಣಿಗೂ ಅಂತರ ಉಳಿಯುವುದಿಲ್ಲ. 2001ರ ಅಕ್ಟೋಬರ್‌ನಲ್ಲಿ, ಕಾರ್ಗಿಲ್ ಯುದ್ಧದ ಎರಡು ವರ್ಷದ ನಂತರ, ಒಂದು ಮೀಟರ್ ಸ್ಪಷ್ಟತೆಯ ಟಿಇಎಸ್ ಹಾರಿತು. ಇದು ಗೂಢಚಾರ ಉಪಗ್ರಹವೇ ಎಂದು ಪತ್ರಕರ್ತರು ಕೇಳಿದಾಗ ಇಸ್ರೋ ಕೊಟ್ಟ ಉತ್ತರದ ಸಾರ ಇಷ್ಟು: ನಾಗರಿಕ ಬಳಕೆಗೇ, ಆದರೆ ದೇಶದ ಭದ್ರತೆಗೆ ಹೊಂದುವಂತೆ. ಒಂದೇ ವಾಕ್ಯದಲ್ಲಿ ಎರಡು ಮನೆ! ಮುಂಬೈ ದಾಳಿಯ ನಂತರ 2009ರಲ್ಲಿ ಮೋಡದಾಚೆಗೂ ಕಾಣುವ ರಿಸ್ಯಾಟ್-2 ಬಂತು. ಮೂರು ಪಡೆಗಳಿಗೂ ಸೇರಿದ ರಕ್ಷಣಾ ಬಾಹ್ಯಾಕಾಶ ಏಜೆನ್ಸಿ ಬಂದಾಗ ಅದರ ಕೇಂದ್ರವೂ ಬೆಂಗಳೂರೇ ಆಯಿತು.

ಎನ್‌ಪೋಸ್‌ನಂಥ ಜಗಳ ಇಲ್ಲಿ ಆಗಲಿಲ್ಲ. ಕಟ್ಟುವವರು ಒಬ್ಬರೇ, ಮೇಲೆ ಪ್ರಧಾನಿಯೇ ಯಜಮಾನರು. ಆದರೆ ಬೇರೊಂದು ತೊಡಕು ಹುಟ್ಟಿತು. ಬಡಿಸುವವನು ನಮ್ಮವನಾದರೆ ಎಲ್ಲಿ ಕೂತರೇನು ಎಂಬ ಮಾತಿದೆ. ಇಲ್ಲಿ ಅಡುಗೆ ಚೆನ್ನಾಗಿಯೇ ಆಗುತ್ತಿತ್ತು, ಬಡಿಸುವ ಕೈ ಬಿಗಿಯಾಗಿತ್ತು. 2001ರ ದೂರಸಂವೇದಿ ದತ್ತಾಂಶ ನೀತಿಯ ಪ್ರಕಾರ 5.8 ಮೀಟರ್‌ವರೆಗಿನ ಚಿತ್ರ ಕೇಳಿದವರಿಗೆಲ್ಲ ಸಿಗುತ್ತಿತ್ತು, ಅದಕ್ಕಿಂತ ಸ್ಪಷ್ಟವಾದದ್ದಕ್ಕೆ ತಪಾಸಣೆ ಇತ್ತು. ಆದರೆ 1994ರಲ್ಲೇ ಅಮೆರಿಕ ತನ್ನ ಖಾಸಗಿ ಕಂಪನಿಗಳಿಗೆ ಸೂಕ್ಷ್ಮ ಚಿತ್ರ ಮಾರಲು ಬಾಗಿಲು ತೆರೆದಿತ್ತು. 1999ರಲ್ಲಿ ಹಾರಿದ ಇಕೋನೋಸ್ ಒಂದು ಮೀಟರಿನ ಚಿತ್ರವನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಗೂಗಲ್ ಅರ್ಥ್ ಬಂದಾಗ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರೇ ಭದ್ರತೆಯ ಆತಂಕ ವ್ಯಕ್ತಪಡಿಸಿದರು. ಆತಂಕ ನ್ಯಾಯವಾದದ್ದೇ. ಆದರೆ ಬೆಲ್‌ವ್ಯೂನಲ್ಲಿ ಕೂತ ನಾವು ಊರಿನ ತೆಂಗಿನ ತೋಟವನ್ನು ಪುಕ್ಕಟೆ ನೋಡುತ್ತಿದ್ದಾಗ, ಅಷ್ಟೇ ಸ್ಪಷ್ಟವಾದ ಭಾರತೀಯ ಚಿತ್ರಕ್ಕೆ ಊರಿನವರು ಅರ್ಜಿ ಹಾಕಿ ಕಾಯಬೇಕಿತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಮಿತಿ 2011ರಲ್ಲಿ ಒಂದು ಮೀಟರಿಗೆ ಇಳಿಯಿತು, 2021ರಲ್ಲಿ ನಕ್ಷೆಗಳ ಮೇಲಿನ ಕಟ್ಟು ಸಡಿಲವಾಯಿತು. 2023ರ ಬಾಹ್ಯಾಕಾಶ ನೀತಿ ಐದು ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರವನ್ನು ಎಲ್ಲರಿಗೂ ಉಚಿತವಾಗಿ ತೆರೆಯಬೇಕೆಂದಿತು.

ಈ ತೆರೆಯುವಿಕೆಯ ಬೆಲೆ ಎಷ್ಟು? ಅಮೆರಿಕದ ಲ್ಯಾಂಡ್‌ಸ್ಯಾಟ್ ಇದಕ್ಕೆ ಉತ್ತರ ಹೇಳುತ್ತದೆ. 1972ರಿಂದ ಭೂಮಿಯನ್ನು ನೋಡುತ್ತಿರುವ ಈ ಸರಣಿ 1980ರ ದಶಕದಲ್ಲಿ ಖಾಸಗಿ ಕೈಗೆ ಹೋಗಿ ಒಂದು ಚಿತ್ರದ ಬೆಲೆ ಸಾವಿರಾರು ಡಾಲರ್ ಆಯಿತು. 1992ರಲ್ಲಿ ನಾಸಾ ಮತ್ತು ಸೈನ್ಯದ ಜಂಟಿ ಕೈಗೆ ಬಂತು, ಎರಡೇ ವರ್ಷದಲ್ಲಿ ಆ ಸಂಬಂಧವೂ ಮುರಿಯಿತು. ಅತಿ ಹೆಚ್ಚು ಮಾರಾಟವಾದ 2001ರಲ್ಲಿ ಹೋದ ಚಿತ್ರಗಳು ಸುಮಾರು 25 ಸಾವಿರ. 2008ರಲ್ಲಿ ಎಲ್ಲವನ್ನೂ ಉಚಿತ ಮಾಡಿದರು. ಒಂದು ವರ್ಷದ ಆಸುಪಾಸಿನಲ್ಲೇ ಹತ್ತು ಲಕ್ಷ ದಾಟಿತು. ಹೊಸ ಉಪಗ್ರಹ ಹಾರಿಸಿರಲಿಲ್ಲ, ಹೊಸ ಕ್ಯಾಮೆರಾ ಕೊಂಡಿರಲಿಲ್ಲ. ಬದಲಾದದ್ದು ನಿಯಮ ಮಾತ್ರ.

ಈಗ ಮೂರನೆಯ ಕಣ್ಣೂ ತೆರೆದಿದೆ, ಅದು ಖಾಸಗಿ ಕಂಪನಿಗಳದ್ದು. ಅದರ ಒಂದು ಕವಲು ನಮ್ಮ ನೆರೆಯಲ್ಲೇ ಚಿಗುರಿತು. ಸಿಯಾಟಲ್‌ನಲ್ಲಿ ಬೆಳೆದ ಬ್ಲ್ಯಾಕ್‌ಸ್ಕೈ ಕಂಪನಿಯ ಉಪಗ್ರಹಗಳನ್ನು ಜೋಡಿಸಿದ್ದು ಪಕ್ಕದ ಟುಕ್ವಿಲಾದಲ್ಲಿ. 2022ರ ಮೇ ತಿಂಗಳಲ್ಲಿ ಬೇಹುಗಾರಿಕೆ ಕಚೇರಿ ಚಿತ್ರ ಕೊಳ್ಳಲು ದೊಡ್ಡ ಗುತ್ತಿಗೆ ಕೊಟ್ಟ ಮೂರು ಕಂಪನಿಗಳಲ್ಲಿ ಅದೂ ಒಂದು. ಬೆಂಗಳೂರಿನಲ್ಲಿ ಪಿಕ್ಸೆಲ್‌ನಂಥ ಕಂಪನಿಗಳೂ ಇದೇ ಹಾದಿಯಲ್ಲಿವೆ. ಒಂದೇ ಉಪಗ್ರಹ ಬೆಳಗ್ಗೆ ಗೋಧಿ ಹೊಲವನ್ನೂ ಮಧ್ಯಾಹ್ನ ಟ್ಯಾಂಕುಗಳನ್ನೂ ನೋಡಬಹುದು. ಹಾಗೆಂದು ಸರ್ಕಾರದ ಹಿಡಿತ ಹೋಯಿತು ಎಂದಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ ತಾನು ಕೊಂಡ ಖಾಸಗಿ ಚಿತ್ರಗಳು ಉಕ್ರೇನಿಗೆ ಸಿಗದಂತೆ ಕೆಲ ದಿನ ತಡೆಹಿಡಿಯಿತು.

ಒಳ್ಳೆಯ ಉದಾಹರಣೆಯೂ ಇದೆ. 1992ರಲ್ಲಿ ಕ್ರಯೋಜೆನಿಕ್ ಎಂಜಿನ್ನಿನ ವಿಚಾರದಲ್ಲಿ ಇಸ್ರೋ ಮೇಲೆ ಅಮೆರಿಕ ನಿರ್ಬಂಧ ಹೇರಿತ್ತು. ಅದು ಕ್ಷಿಪಣಿಗೂ ಒದಗೀತು ಎಂಬ ಶಂಕೆ. 2025ರ ಜುಲೈ 30ರಂದು ನಾಸಾದ ರಾಡಾರನ್ನು ಹೊತ್ತ ನಿಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಏರಿದ್ದು ಭಾರತವೇ ಕಟ್ಟಿದ ಕ್ರಯೋಜೆನಿಕ್ ಎಂಜಿನ್ನಿನ ರಾಕೆಟ್ಟಿನಲ್ಲಿ. ಎರಡು ದೇಶಗಳ ಎರಡು ರಾಡಾರುಗಳಿರುವ ಉಪಗ್ರಹವನ್ನು ಸಿದ್ಧಗೊಳಿಸಿದ್ದು ಬೆಂಗಳೂರಿನಲ್ಲಿ. ಹನ್ನೆರಡು ದಿನಕ್ಕೊಮ್ಮೆ ಅದೇ ಹಾದಿಗೆ ಮರಳಿ ನೆಲ ಸೆಂಟಿಮೀಟರಿನಷ್ಟು ಜರುಗಿದರೂ ಗುರುತಿಸುವುದು ಅದರ ಕೆಲಸ. 2014ರಲ್ಲಿ ನಮ್ಮ ರಾಜ್ಯದ ಓಸೋದಲ್ಲಿ ಗುಡ್ಡ ಕುಸಿದು 43 ಜನ ಸತ್ತರು. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಕುಸಿದವು. ಈ ಕಣಿವೆಗಳನ್ನೂ ಆ ಘಟ್ಟಗಳನ್ನೂ ಈಗ ಒಂದೇ ಉಪಗ್ರಹ ನೋಡುತ್ತದೆ. ಅದರ ಮಾಹಿತಿ ಎಲ್ಲರಿಗೂ ಉಚಿತ ಎಂದು ಎರಡೂ ದೇಶಗಳು ಒಪ್ಪಿವೆ.

ಆರು ದಶಕಗಳ ಈ ಕಥೆಯಿಂದ ನಾನು ಕಲಿತದ್ದು ಎರಡು ಮಾತು. ಸೈನ್ಯ ಮತ್ತು ನಾಗರಿಕರನ್ನು ಒಂದೇ ಸೂರಿನಡಿ ತರುವುದು ತಪ್ಪಲ್ಲ, ಆದರೆ ಕೊನೆಯ ಮಾತು ಯಾರದ್ದು ಎಂದು ಮೊದಲೇ ಬರೆದಿಡದಿದ್ದರೆ ಉಳಿತಾಯವೂ ಇಲ್ಲ, ಉಪಗ್ರಹವೂ ಇಲ್ಲ. ಎರಡನೆಯದು, ಗುಟ್ಟು ಅಗತ್ಯವಿರುವ ಕಡೆ ಇರಲಿ, ಅದಕ್ಕೆ ಮಿತಿ ಮತ್ತು ಗಡುವು ಇರಲಿ. ಬಿರುಗಾಳಿ, ಪ್ರವಾಹ, ಭೂಕುಸಿತದ ಮಾಹಿತಿ ಯಾವುದೇ ಕಚೇರಿಯ ದಾಕ್ಷಿಣ್ಯದ ಮೇಲೆ ನಿಲ್ಲಬಾರದು. ಈ ಸಭಾಂಗಣದಲ್ಲಿ ಉಪಗ್ರಹಗಳಿಗೂ ಅವುಗಳ ಮಾಹಿತಿಗೂ ಕೈಯಿಟ್ಟು ಕೆಲಸ ಮಾಡುವ ಅನೇಕರಿದ್ದೀರಿ. ಇಲ್ಲಿ ಮತ ಹಾಕುವವರಿದ್ದೀರಿ, ಊರಿನಲ್ಲಿ ಮಾತು ನಡೆಯುವವರಿದ್ದೀರಿ. ಇಂಥ ನಿಯಮಗಳ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಾಗ ಓದಿ, ನಿಮ್ಮ ಮಾತು ಸೇರಿಸಿ.