ಗೂಡ್ಸ್ ಗಾಡಿಯ ಹಾದಿಯಲ್ಲಿ ಯಾರನ್ನು ಕೇಳಿದರು?

ರೈಲು ನಮ್ಮನ್ನು ಕೇಳಿ ಬಂದದ್ದಲ್ಲ. ಬೆಳಗಾವಿಗೆ ಬಂದದ್ದೂ ಹಾಗೆ, ಖಾನಾಪುರಕ್ಕೆ ಬಂದದ್ದೂ ಹಾಗೆ, ಲೋಂಡಾದ ಕಾಡು ಹೊಕ್ಕದ್ದೂ ಹಾಗೆ. ಸಿಟ್ಟಿಗೆ ಆಡುವ ಮಾತಲ್ಲ ಇದು. ಕಾಯ್ದೆ ಪುಸ್ತಕ ತೆಗೆದು ನೋಡಿದ ಮೇಲೆ ಆಡುತ್ತಿರುವ ಮಾತು.

ಪುಸ್ತಕ ತೆಗೆಯುವ ಹಾಗೆ ಮಾಡಿದ್ದು ವಡಗಾವಿಯ ಗದ್ದೆ. ವಡಗಾವಿ ಅಂದರೆ ಊರವರಿಗೆ ಮಗ್ಗದ ಸದ್ದು. ಆದರೆ ಓಣಿ ಮುಗಿದಲ್ಲಿಂದ ಬತ್ತದ ಗದ್ದೆ ಸುರುವಾಗುತ್ತದೆ. ಹಲಗಾ–ಮಚ್ಛೆ ಬೈಪಾಸಿಗಾಗಿ ವಡಗಾವಿ, ಶಹಾಪುರ, ಅನಗೋಳ, ಮಜಗಾವಿಯ ಈ ಗದ್ದೆಗಳ ಮೇಲೆ ಕಣ್ಣು ಬಿದ್ದಾಗ ರೈತರು ಬೀದಿಗೂ ಇಳಿದರು, ಕೋರ್ಟಿಗೂ ಹೋದರು. ಅದು ಮುಗಿಯುವ ಮೊದಲೇ ಇನ್ನೊಂದು ಬಂತು: ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ಹೊಸ ರೈಲು ಹಾದಿ, ಸುಮಾರು 73 ಕಿ.ಮೀ. ದೇಸೂರು, ನಂದಿಹಳ್ಳಿ, ಖಾನಾಪುರ ತಾಲೂಕಿನ ಗರ್ಲಗುಂಜಿ ಕಡೆಯ ರೈತರು ಹೇಳಿದ್ದು ಒಂದೇ: ಬೆಳೆಯುವ ಭೂಮಿ ಬಿಟ್ಟು ಬೇರೆ ಕಡೆಯಿಂದ ಒಯ್ಯಿರಿ. ಅವರ ಮಾತು ನ್ಯಾಯದ್ದು. ನಾವು ಅವರ ಜೊತೆಗೇ ನಿಂತವರು.

ನಿಂತಾಗ ಕಂಡದ್ದನ್ನು ಮಾತ್ರ ಮುಚ್ಚಿಡಲಾರೆವು. ಒಂದು ಊರಿನ ಸಭೆಗೆ ಹೋಗಿದ್ದೆವು. ಬಾಗಿಲಲ್ಲಿ ಒಂದು ರಿಜಿಸ್ಟರು: ಹೆಸರು, ಸರ್ವೆ ನಂಬರು, ಎಕರೆ, ಗುಂಟೆ, ಸಹಿ. ಉತಾರದಲ್ಲಿ ಹೆಸರಿದ್ದವರು ಬರೆದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಹೊರಗೆ ಕಟ್ಟೆಯ ಮೇಲೆ ಕೇರಿಯ ಹೆಣ್ಣುಮಕ್ಕಳು ಕೂತಿದ್ದರು. ಅದೇ ಗದ್ದೆಯಲ್ಲಿ ನಾಟಿ ಹಚ್ಚುವವರು, ಕಳೆ ಕೀಳುವವರು. ಅವರಲ್ಲಿ ಒಬ್ಬ ಮುದುಕಿಯನ್ನು, "ಒಳಗ ಬಾ ಯವ್ವಾ" ಅಂದೆವು. "ನಂದೇನ್ ಐತ್ರಿ ಒಳಗ? ನಂಬರ್ ಇದ್ದವರಿಗೆ ಕರದಾರು" ಅಂದಳು. ಆಕೆ ಆ ಗದ್ದೆಯಲ್ಲಿ ನಾಲ್ವತ್ತು ವರ್ಷ ದುಡಿದವಳು.

ಈ ರಿಜಿಸ್ಟರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದರ ವಯಸ್ಸು ನಮ್ಮ ರೈಲಿನಷ್ಟೇ.

1876ರಿಂದ 78ರವರೆಗೆ ದಖನ್ನಿನಲ್ಲಿ ದೊಡ್ಡ ಬರ ಬಿತ್ತು. ಮುಂಬಯಿ ಪ್ರಾಂತ, ಮದ್ರಾಸು, ಮೈಸೂರು, ಹೈದರಾಬಾದು ಎಲ್ಲ ಕಡೆ ಜನ ಹುಳದಂತೆ ಸತ್ತರು. ಸರಕಾರ ಬರಗಾಲದ ಕಾಮಗಾರಿ ತೆಗೆಯಿತು: ರಸ್ತೆಗೆ ಜಲ್ಲಿ ಒಡೆ, ಕೆರೆ ತೋಡು, ರೈಲಿಗೆ ಒಡ್ಡು ಹಾಕು. ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ಲೆಕ್ಕ ಹಾಕಿ, ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಿಷ್ಟು ಚಿಲ್ಲರೆ ಸಾಕು ಅಂದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. 1877ರಲ್ಲಿ ಮುಂಬಯಿ ಪ್ರಾಂತದ ದಖನ್ ಭಾಗದಲ್ಲಿ ಕೂಲಿಕಾರರು ಗುದ್ದಲಿ ಕೆಳಗಿಟ್ಟು ಗುಂಪುಗುಂಪಾಗಿ ಕಾಮಗಾರಿ ಬಿಟ್ಟು ನಡೆದರು. ಹಸಿದ ಹೊಟ್ಟೆಯವರು ಹೂಡಿದ ಮುಷ್ಕರ ಅದು. ಸಂಘವಿಲ್ಲ, ಬಾವುಟವಿಲ್ಲ, ಮನವಿ ಪತ್ರವಿಲ್ಲ. ಕೇಳದೇ ಕೂಲಿ ಇಳಿಸಿದವರಿಗೆ ಹೇಳದೇ ಎದ್ದು ಹೋಗುವುದೇ ಉತ್ತರ. ಶಾಲೆಯ ಇತಿಹಾಸ ಪಾಠದಲ್ಲಿ ಇದು ನಮಗೆ ಎಲ್ಲೂ ಸಿಗಲಿಲ್ಲ. ಮಾಸ್ತರರು ದಯವಿಟ್ಟು ಮಕ್ಕಳಿಗೆ ಹೇಳಬೇಕು.

ಬರದ ನಂತರ ಕೂತ ಕ್ಷಾಮ ಆಯೋಗ 1880ರ ವರದಿಯಲ್ಲಿ ರೈಲು ಹೆಚ್ಚಿಸಿ ಅಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರ ಬಿದ್ದಲ್ಲಿಗೆ ಕಾಳು ಒಯ್ಯುವ ರೈಲು ಎಂದು ಹೇಳಿಕೊಂಡಿತು. ಸುಳ್ಳಂತೂ ಅಲ್ಲ. ಆದರೆ ಆ ರೈಲು ಮುಖ ಮಾಡಿದ್ದು ಎತ್ತ? ಗದಗ, ಹುಬ್ಬಳ್ಳಿ, ಧಾರವಾಡ, ಅಲ್ಲಿಂದ ಲೋಂಡಾ, ಕ್ಯಾಸಲ್‌ರಾಕ್, ಘಟ್ಟ ಇಳಿದು ಮುರಗಾವ ಬಂದರು. ಎರೆಮಣ್ಣಿನ ಹತ್ತಿ ಅಂಡಿಗೆಯಾಗಿ ಹಡಗು ಹತ್ತುವುದಕ್ಕೆ ಅದಕ್ಕಿಂತ ನೆಟ್ಟಗಿನ ದಾರಿ ಇರಲಿಲ್ಲ. ಅಂದರೆ ಹುಟ್ಟಿನಿಂದಲೇ ಇದು ಮಾಲಿನ ಹಾದಿ. ಜನ ಹತ್ತಿದ್ದು ಅದರ ಜೊತೆಗೆ.

ಈ ಹಾದಿಯ ಬಗ್ಗೆ ಯಾರೂ ಯಾರನ್ನೂ ಕೇಳಲೇ ಇಲ್ಲ ಅಂದರೆ ತಪ್ಪಾದೀತು. ಕೇಳಿದರು, ಬಹಳ ಮರ್ಯಾದೆಯಿಂದ ಕೇಳಿದರು. 1878ರಲ್ಲಿ ಬ್ರಿಟನ್ನು ಪೋರ್ಚುಗಲ್ಲನ್ನು ಕೇಳಿತು, ಪೋರ್ಚುಗಲ್ಲು ಬ್ರಿಟನ್ನನ್ನು ಕೇಳಿತು. ಲಿಸ್ಬನ್ನಿನಲ್ಲಿ ಕೂತು ಸುಂಕ, ಉಪ್ಪು, ಬಂದರು, ರೈಲು ಎಲ್ಲವನ್ನೂ ಮಾತಾಡಿ ಕರಾರು ಬರೆದುಕೊಂಡರು. 1888ರ ಹೊತ್ತಿಗೆ ಮುರಗಾವದಿಂದ ಕ್ಯಾಸಲ್‌ರಾಕ್‌ವರೆಗೆ 82 ಕಿ.ಮೀ. ಹಳಿ ಬಿತ್ತು. ಘಟ್ಟದಲ್ಲಿ 37 ಅಡಿ ನಡೆದರೆ ಒಂದಡಿ ಏರು. ಆ ಏರನ್ನು ಕಡಿದವರು, ಸುರಂಗದಲ್ಲಿ ಮದ್ದಿಟ್ಟವರು, ಕಾಡಜ್ವರದಲ್ಲಿ ನಡುಗಿದವರು ಲಿಸ್ಬನ್ನಿನ ಕರಾರಿನಲ್ಲಿ ಯಾವ ಕಲಮಿಗೂ ಬರುವವರಲ್ಲ.

ಬ್ರಿಟಿಷ್ ಮುಲುಕಿನಲ್ಲಿ ಭೂಮಿ ಹಿಡಿಯಲು ಆಗ ಇದ್ದದ್ದು 1870ರ ಹತ್ತನೇ ಕಾಯ್ದೆ. ನೋಟೀಸು ಬರುತ್ತಿತ್ತು. ನೋಟೀಸಿನಲ್ಲಿ ಕೇಳುತ್ತಿದ್ದದ್ದು 'ಕೊಡುತ್ತೀರಾ?' ಎಂದಲ್ಲ, 'ಎಷ್ಟು ರೊಕ್ಕ ಬೇಕು?' ಎಂದು. 1894ರಲ್ಲಿ ಹೊಸ ಕಾಯ್ದೆ ಬಂತು. ಸಾರ್ವಜನಿಕ ಉದ್ದೇಶಕ್ಕೆ ಭೂಮಿ ಬೇಕು ಎಂದು ಸರಕಾರ ಹೇಳಿದರೆ ಅದೇ ಕೊನೆಯ ಪುರಾವೆ ಅಂದಿತು. ಭೂಮಿ ಹಿಡಿಯುವ ಮೊದಲು ತಕರಾರು ಕೇಳಬೇಕು ಎಂಬ ಕಲಮು, 5ಎ, ಸೇರಿದ್ದು 1923ರಲ್ಲಿ. ಅಷ್ಟರಲ್ಲಿ ಬೆಳಗಾವಿಯ ರೈಲಿಗೆ ಮೂವತ್ತು ವರ್ಷ ದಾಟಿತ್ತು.

ಆ 5ಎ ಕಲಮಿನಲ್ಲೂ ತಕರಾರು ಮಾಡಬಲ್ಲವನು ಯಾರು? ಭೂಮಿಯಲ್ಲಿ 'ಹಿತಾಸಕ್ತಿ' ಉಳ್ಳವನು. ಕಾಯ್ದೆಯ ಭಾಷೆಯಲ್ಲಿ ಹಿತಾಸಕ್ತಿ ಅಂದರೆ ಪರಿಹಾರದಲ್ಲಿ ಪಾಲು ಕೇಳಬಲ್ಲ ಹಕ್ಕು. ಬೆವರಿಗೆ ಆ ಹಕ್ಕಿಲ್ಲ. ಹಳ್ಳಿಯ ಕೆಲಸಕ್ಕೆ ಪ್ರತಿಯಾಗಿ ಕೇರಿಯವರು ಉಣ್ಣುತ್ತಿದ್ದ ತುಂಡು ವತನ ಭೂಮಿಯೂ ಚಾಕರಿಗೆ ಕಟ್ಟಿದ ಭೂಮಿ. ಮೈಸೂರು ಸರಕಾರ ಇಂಥ ವತನಗಳನ್ನು ರದ್ದು ಮಾಡಿದ್ದು 1961ರ ಕಾಯ್ದೆಯಿಂದ. ಕಾಗದದ ಬಲ ಎಂಥದು ಎಂಬುದು ಖಾನಾಪುರ ಸೀಮೆಗೆ ಗೊತ್ತಿಲ್ಲದ್ದಲ್ಲ. ಸಂಗೊಳ್ಳಿ ರಾಯಣ್ಣ 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಹಚ್ಚಿದ್ದು ಸುಮ್ಮನೆ ಅಲ್ಲ. ಅವನ ದಂಡಿನ ಹೊಟ್ಟೆ ಉರಿಸಿದ್ದ ಕಂದಾಯದ ದಫ್ತರು ಇರುತ್ತಿದ್ದದ್ದು ಅಂಥ ಕಚೇರಿಗಳಲ್ಲಿ. ಮರುವರ್ಷ ನಂದಗಡದಲ್ಲಿ ಅವನನ್ನು ನೇಣಿಗೆ ಹಾಕಿದರು. ದಫ್ತರು ಮತ್ತೆ ಹುಟ್ಟಿತು.

ಹಳಿ ಬಿದ್ದ ಮೇಲಾದರೂ ಕೆಲಸ ಸಿಕ್ಕಿತಲ್ಲ, ಜಾತಿ ಕೇಳದ ಕೆಲಸ ಎಂದು ಹೇಳುವವರಿದ್ದಾರೆ. ಅವರಿಗೆ ಬಾಬಾಸಾಹೇಬರೇ ಉತ್ತರ ಕೊಟ್ಟಿದ್ದಾರೆ. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕೆಲಸಗಾರರ ಸಮ್ಮೇಳನ ನಡೆಯಿತು. ನಮ್ಮ ಲೈನಲ್ಲ ಅದು, ಆದರೆ ಗ್ಯಾಂಗಮನ್ ಎಲ್ಲ ಲೈನಿನಲ್ಲೂ ಗ್ಯಾಂಗಮನ್ನೇ. ಅಸ್ಪೃಶ್ಯನು ರೈಲ್ವೆಯಲ್ಲಿ ಗ್ಯಾಂಗಮನ್ ಆಗಿ ಸೇರಿ ಗ್ಯಾಂಗಮನ್ ಆಗಿಯೇ ಮುಗಿಯುತ್ತಾನೆ, ಮೇಲೇರುವುದಿಲ್ಲ ಎಂದು ಅಂಬೇಡ್ಕರರು ಅಲ್ಲಿ ಹೇಳಿದರು. ಸ್ಟೇಷನ್ನಿನಲ್ಲಿ ಪೋರ್ಟರನ ಕೆಲಸವೂ ಅವನಿಗಿಲ್ಲ. ಯಾಕಂದರೆ ಪೋರ್ಟರನು ಸ್ಟೇಷನ್ ಮಾಸ್ತರನ ಮನೆಗೆಲಸಕ್ಕೂ ಬೇಕು, ಮನೆಯೊಳಗೆ ಇವನನ್ನು ಬಿಟ್ಟುಕೊಳ್ಳುವಂತಿಲ್ಲ. ಕಬ್ಬಿಣದ ಹಳಿ ಕೂಡ ಜಾತಿಯ ಮನೆಯ ಹೊಸ್ತಿಲಿಗೆ ಬಂದು ನಿಂತಿತು. ದುಡಿಯುವವರಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ವೈರಿ ಎಂದು ಅವರು ಹೇಳಿದ್ದು ಅದೇ ಭಾಷಣದಲ್ಲಿ.

ಸ್ವಾತಂತ್ರ್ಯ ಬಂತು. 1961ರಲ್ಲಿ ಗೋವೆ ಬಿಡುಗಡೆಯಾಯಿತು. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಹತ್ತಿಯ ಜಾಗಕ್ಕೆ ಅದಿರು ಬಂತು, ಅದಿರು ಇಳಿದ ಬಂದರಿನಿಂದಲೇ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಏರತೊಡಗಿತು. 2010–11ರಲ್ಲಿ ಹೊಸಪೇಟೆಯಿಂದ ಹುಬ್ಬಳ್ಳಿ, ಲೋಂಡಾ, ತಿನೈಘಾಟ ಮೇಲೆ ವಾಸ್ಕೋವರೆಗೆ ಸುಮಾರು 350 ಕಿ.ಮೀ. ಜೋಡಿ ಹಳಿಗೆ ಮಂಜೂರಾತಿ ಸಿಕ್ಕಿತು. ಅದೇ ಮಾಲಿನ ಹಾದಿ, ಈಗ ಇಬ್ಬದಿ.

ಇಷ್ಟರಲ್ಲಿ 'ಸಾರ್ವಜನಿಕ ಅಹವಾಲು' ಎಂಬ ಹೊಸ ಮಾತು ಕಾಯ್ದೆಯೊಳಗೆ ಬಂದಿತ್ತು. ದೊಡ್ಡ ಯೋಜನೆ ಮಾಡುವ ಮೊದಲು ಪರಿಸರದ ಹಾನಿಯ ಬಗ್ಗೆ ಸುತ್ತಿನ ಜನರನ್ನು ಬಹಿರಂಗವಾಗಿ ಕೇಳಬೇಕು ಎಂಬ ನಿಯಮ 1997ರಲ್ಲಿ ಸೇರಿತು, 2006ರಲ್ಲಿ ಹೊಸದಾಗಿ ಬರೆಯಲಾಯಿತು. ಈ ಸಭೆಗೆ ಉತಾರ ಬೇಕಿಲ್ಲ. ಅಲ್ಲಿ ಬದುಕುವವರು ಬಂದು ಮಾತಾಡಬಹುದು. 2017ರ ಏಪ್ರಿಲ್ ಕೊನೆಗೆ ವಾಸ್ಕೋದಲ್ಲಿ ಮುರಗಾವ ಬಂದರಿನ ಕಲ್ಲಿದ್ದಲು ವಿಸ್ತರಣೆಯ ಮೇಲೆ ಅಂಥ ಅಹವಾಲು ನಡೆಯಿತು. ಒಂದಲ್ಲ, ಹಲವು ದಿನ ನಡೆಯಿತು. ಮೀನುಗಾರರು, ಮನೆಯ ಹೆಂಗಸರು, ಡಾಕ್ಟರರು ಸರದಿಯಲ್ಲಿ ನಿಂತು ಮಾತಾಡಿದರು.

ಹಾಗಾದರೆ ಲೋಂಡಾದಲ್ಲಿ ಯಾಕೆ ಅಂಥ ಸಭೆ ಇಲ್ಲ? 2006ರ ಆ ನಿಯಮದ ಪಟ್ಟಿಯಲ್ಲಿ ಬಂದರು ಇದೆ, ಹೆದ್ದಾರಿ ಇದೆ, ವಿಮಾನ ನಿಲ್ದಾಣ ಇದೆ. ರೈಲು ಹಾದಿ ಇಲ್ಲ! ಕಲ್ಲಿದ್ದಲು ಹಡಗಿನಿಂದ ಇಳಿಯುವಲ್ಲಿ ಜನರನ್ನು ಕೇಳಬೇಕು. ಅದೇ ಕಲ್ಲಿದ್ದಲು ವ್ಯಾಗನ್ ಹತ್ತಿ ಹಳ್ಳಿಹಳ್ಳಿ ದಾಟುವಾಗ ಕೇಳುವುದು ಬೇಡ. ದೂಳಿಗೆ ಈ ಭೇದ ಗೊತ್ತೇ?

ಒಂದೇ ಕಡೆ ಹೀಗಾಗಿದ್ದರೆ ಮರೆವು ಅನ್ನಬಹುದಿತ್ತು. ಕಾಡಿನ ಭೂಮಿ ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು ಅರಣ್ಯ ಹಕ್ಕು ಕಾಯ್ದೆಯ ಬೆನ್ನಿಗೆ 2009ರಲ್ಲಿ ಕೇಂದ್ರ ಆದೇಶಿಸಿತು. 2013ರ ಫೆಬ್ರವರಿಯಲ್ಲಿ ರಸ್ತೆ, ಕಾಲುವೆ, ತಂತಿಯಂಥ ಉದ್ದಕ್ಕೆ ಸಾಗುವ ಯೋಜನೆಗಳಿಗೆ ಬಹುಮಟ್ಟಿಗೆ ಅದು ಬೇಡ ಎಂದಿತು. ರೈಲೂ ಉದ್ದಕ್ಕೇ ಸಾಗುತ್ತದೆ. ಖಾನಾಪುರದ ಕಾಡಂಚಿನ ಗೌಳಿ, ಸಿದ್ದಿ ಹಟ್ಟಿಗಳ ಜನ ಇದನ್ನು ಯಾರಿಂದ ತಿಳಿಯಬೇಕಿತ್ತು?

ಅದೇ 2013ರಲ್ಲಿ 1894ರ ಕಾಯ್ದೆ ಸತ್ತು ಹೊಸ ಭೂಸ್ವಾಧೀನ ಕಾಯ್ದೆ ಬಂತು. ಅದರಲ್ಲಿ ಒಂದು ದೊಡ್ಡ ಮಾತಿದೆ. 'ಬಾಧಿತ ಕುಟುಂಬ' ಅಂದರೆ ಭೂಮಾಲಿಕ ಮಾತ್ರ ಅಲ್ಲ. ಮೂರು ವರ್ಷದಿಂದ ಆ ಭೂಮಿಯಲ್ಲಿ ದುಡಿದು ಬದುಕಿದ ಕೃಷಿಕೂಲಿಯೂ ಹೌದು, ಪಾಲಿನವನೂ ಹೌದು, ಕುಶಲಕರ್ಮಿಯೂ ಹೌದು. ನಮ್ಮ ಮುದುಕಿಯ ಹೆಸರು ಕೊನೆಗೂ ಕಾಯ್ದೆಯೊಳಗೆ ಕಾಲಿಟ್ಟಿತು. ಸಾಮಾಜಿಕ ಪರಿಣಾಮ ಏನು ಎಂದು ಊರಲ್ಲೇ ಕೂತು ಕೇಳಬೇಕು ಎಂದೂ ಬರೆದರು. ಓದಿ ಹಿಗ್ಗಿದೆವು. ಆಮೇಲೆ ಹಿಂದಿನ ಪುಟ ತಿರುವಿದರೆ ನಾಲ್ಕನೇ ಅನುಸೂಚಿ ಎಂಬ ಪಟ್ಟಿ ಸಿಕ್ಕಿತು: ಈ ಕಾಯ್ದೆ ಅನ್ವಯಿಸದ ಕಾಯ್ದೆಗಳ ಪಟ್ಟಿ. ಅದರಲ್ಲಿ 1989ರ ರೈಲ್ವೆ ಕಾಯ್ದೆ ಕೂತಿದೆ. 2015ರಿಂದ ಪರಿಹಾರ, ಪುನರ್ವಸತಿಯ ಭಾಗವನ್ನು ರೈಲ್ವೆಗೂ ಹಚ್ಚಿದರು. ಊರಲ್ಲಿ ಕೂತು ಕೇಳುವ ಭಾಗವನ್ನು ಹಚ್ಚಲಿಲ್ಲ.

ರೈಲ್ವೆ ಕಾಯ್ದೆಗೆ 2008ರಲ್ಲಿ ಸೇರಿಸಿದ ಕಲಮುಗಳ ಪ್ರಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಬರುತ್ತದೆ, ಎರಡು ಪತ್ರಿಕೆಯಲ್ಲಿ ಸಾರಾಂಶ ಬರುತ್ತದೆ, ಮೂವತ್ತು ದಿನದೊಳಗೆ ತಕರಾರು. ಕೇಳುವ ಅಧಿಕಾರಿ ಕೊಟ್ಟ ಆದೇಶವೇ ಕೊನೆ. ಇಲ್ಲೂ ಬಾಗಿಲಲ್ಲಿ ನಿಂತಿರುವುದು ಅದೇ 'ಹಿತಾಸಕ್ತಿ'. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ 1966ರ ಕಾಯ್ದೆಯಿಂದ ಭೂಮಿ ಹಿಡಿದರೂ ಮೂವತ್ತೇ ದಿನ: ಮಾಲಿಕ, ಸ್ವಾಧೀನದಲ್ಲಿರುವವ, ಹಿತಾಸಕ್ತಿಯವ.

ಗೋವೆಯ ಜನ ಕೇಳಲಿ ಎಂದು ಕಾಯಲಿಲ್ಲ. 2020ರ ನವೆಂಬರ್ ಒಂದರ ರಾತ್ರಿ ಚಾಂದೋರದಲ್ಲಿ ಸಾವಿರಾರು ಮಂದಿ ದೀಪ ಹಿಡಿದು ಹಳಿಯ ಮೇಲೆ ಕೂತರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಿನೈಘಾಟ, ಕ್ಯಾಸಲ್‌ರಾಕ್‌ನಿಂದ ಕುಳೆವರೆಗಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಕಾಡಿನ ಪರವಾಗಿ ಬಂದ ತೀರ್ಪು ಅದು, ಸಂತೋಷವೇ. ಅದರಲ್ಲಿ ಹುಲಿಗೆ ಜಾಗ ಸಿಕ್ಕಿತು. ಘಟ್ಟದ ಮೇಲಿನ ಕೂಲಿಯವರ ಪ್ರಶ್ನೆ ಕೋರ್ಟಿನ ಮುಂದೆ ಇರಲೇ ಇಲ್ಲ.

ಇಲ್ಲಿ ನಮ್ಮವರ ಮೇಲೂ ಒಂದು ಮಾತು ಹೇಳಬೇಕು. ಬೆಳಗಾವಿಯಲ್ಲಿ ಬೋರ್ಡಿನ ಅಕ್ಷರಕ್ಕೆ ಜಗಳವಾದಷ್ಟು ಗೆಜೆಟ್ಟಿನ ಅಕ್ಷರಕ್ಕೆ ಜಗಳವಾಗಿಲ್ಲ. ಗರ್ಲಗುಂಜಿ ಕಡೆಯ ರೈತ ಮರಾಠಿ ಮಾತಾಡುತ್ತಾನೆ, ವಡಗಾವಿಯ ನೇಕಾರ ಕನ್ನಡ ಮಾತಾಡುತ್ತಾನೆ, ನೋಟೀಸು ಇಬ್ಬರಿಗೂ ತಿಳಿಯುವುದಿಲ್ಲ. ರೈತ ಸಂಘಟನೆಯ ಗೆಳೆಯರಿಗೂ ಕೇಳಿದೆವು: ನಿಮ್ಮ ತಕರಾರು ಅರ್ಜಿಯಲ್ಲಿ ನಿಮ್ಮ ಹೊಲದ ಆಳುಗಳ ಹೆಸರು ಯಾಕಿಲ್ಲ? ಕೆಲವರು ಸುಮ್ಮನಾದರು. ಒಬ್ಬ ಹಿರಿಯರು ಮಾತ್ರ, "ಅದು ನಮ್ಮ ತಲ್ಯಾಗ ಹೊಳೀಲೇ ಇಲ್ಲ ನೋಡ್ರಿ" ಅಂದರು. ನಿಜ ಹೇಳಿದರು ಎಂದು ನಮಗೆ ಗೌರವ ಬಂತು.

ಈಗ ನಾವು ಹೆಸರು ಬರೆಯುವ ಕೆಲಸ ಹಿಡಿದಿದ್ದೇವೆ. ಸಂಜೆ ಕೇರಿಗೆ ಹೋಗುತ್ತೇವೆ. ಯಾರ ಹೊಲದಲ್ಲಿ ದುಡಿಯುತ್ತೀರಿ, ಎಷ್ಟು ವರ್ಷದಿಂದ, ವರ್ಷಕ್ಕೆ ಎಷ್ಟು ದಿನ, ಕೂಲಿ ಎಷ್ಟು, ಲಾವಣಿ ಹಿಡಿದದ್ದಿದ್ದರೆ ಎಷ್ಟು ಗುಂಟೆ. ಹೊಲದ ಮಾಲಿಕನಿಂದಲೇ ಒಂದು ಸಹಿ. ಉದ್ಯೋಗ ಖಾತ್ರಿಯ ಕಾರ್ಡು, ರೇಷನ್ ಕಾರ್ಡು, ಶಾಲೆಯ ದಾಖಲೆಯಲ್ಲಿ ಅಪ್ಪನ ಉದ್ಯೋಗ 'ಕೂಲಿ' ಎಂದು ಬರೆದದ್ದು, ಎಲ್ಲದರ ನಕಲು. ಹಳ್ಳಿಯ ಮಾಸ್ತರರು ಈ ಕೊನೆಯದನ್ನು ತೆಗೆದುಕೊಟ್ಟರೆ ದೊಡ್ಡ ಉಪಕಾರ. ಮೂವತ್ತು ದಿನ ಬೇಗ ಮುಗಿಯುತ್ತದೆ, ಆದ್ದರಿಂದ ಅಧಿಸೂಚನೆ ಬರುವ ಮೊದಲೇ ಬರೆಯಬೇಕು. ಕಟ್ಟೆಯ ಮೇಲಿನ ಮುದುಕಿಯದು ಮೊದಲನೇ ಹೆಸರು. ಸರ್ವೆ ನಂಬರಿನ ಕಾಲಮಿನಲ್ಲಿ ಆಕೆ ನಾಟಿ ಹಚ್ಚಿದ ಮೂರು ಗದ್ದೆಯ ನಂಬರನ್ನೂ ಬರೆದಿದ್ದೇವೆ.