ಎಲ್ಲೆಲ್ಲೂ ಇದ್ದ ಸೀಸ

ಕೋಡ್ ಬರೆಯೋ ನಮಗೆ ಒಂದು ಅಭ್ಯಾಸ. ಉತ್ತರ ತಪ್ಪು ಬಂದ್ರೆ ಮೊದಲು ನಮ್ಮ ಕೆಲಸವನ್ನೇ ಅನುಮಾನಿಸ್ತೀವಿ. ಅಮೆರಿಕದ ರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ ಮಾಡಿದ್ದೂ ಅದನ್ನೇ.

1948ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಆತನಿಗೆ ಸಿಕ್ಕ ಕೆಲಸ, ವಯಸ್ಸು ಗೊತ್ತಿದ್ದ ಕಲ್ಲಿನ ಹರಳುಗಳಲ್ಲಿರೋ ಸೀಸ ಅಳೆಯುವುದು. ಯುರೇನಿಯಂ ನಿಧಾನವಾಗಿ ಸೀಸವಾಗುತ್ತೆ. ಎರಡರ ಲೆಕ್ಕ ಸಿಕ್ಕರೆ ಕಲ್ಲಿನ ವಯಸ್ಸು ಸಿಕ್ಕ ಹಾಗೆ. ಆದರೆ ಪ್ರತಿ ಸಲವೂ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ! ಗಾಜಿನ ಪಾತ್ರೆ, ನೀರು, ಧೂಳು, ತಲೆಗೂದಲು, ಎಲ್ಲದರಲ್ಲೂ ಅದೇ. ವರ್ಷಗಟ್ಟಲೆ ತೊಳೆದ, ಒರೆಸಿದ. ಕ್ಯಾಲ್ಟೆಕ್‌ಗೆ ಹೋಗಿ ಧೂಳು ನುಗ್ಗದ ಲ್ಯಾಬ್ ಕಟ್ಟಿಕೊಂಡ. ಉಲ್ಕಾಶಿಲೆಯ ಸೀಸ ಅಳೆದು, ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ 1956ರಲ್ಲಿ ಪ್ರಕಟಿಸಿದ.

ಬೇರೆಯವರಾಗಿದ್ರೆ ಅಲ್ಲಿಗೆ ಕೈ ತೊಳೆದುಕೊಳ್ತಿದ್ರು. ಈತನಿಗೆ ಆ ಕೊಳೆ ಎಲ್ಲಿಂದ ಬಂತು ಅನ್ನೋ ಚಿಂತೆ. ಸಮುದ್ರದ ನೀರು ತೆಗೆದು ನೋಡಿದ: ಆಳದಲ್ಲಿ ಸೀಸ ಕಡಿಮೆ, ಮೇಲ್ಪದರದಲ್ಲಿ ಜಾಸ್ತಿ. ಅಂದ್ರೆ ಈಚೆಗೆ, ಮೇಲಿಂದ ಬಿದ್ದದ್ದು. ಗ್ರೀನ್‌ಲ್ಯಾಂಡಿನ ಹಿಮದ ಪದರಗಳೂ ಅದನ್ನೇ ಹೇಳಿದವು. ಎಂಜಿನ್ ಬಡಿತ ನಿಲ್ಲಿಸಲು 1920ರ ದಶಕದಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ, ಹೊಗೆಯಾಗಿ ಇಡೀ ಭೂಮಿಯ ಮೇಲೆ ಕೂತಿತ್ತು.

ಉದ್ಯಮದ ಪರವಾಗಿದ್ದ ವೈದ್ಯ ರಾಬರ್ಟ್ ಕೀಹೋ ವಾದ ಬೇರೆ: ಮನುಷ್ಯನ ಮೈಯಲ್ಲಿ ಸೀಸ ಇರೋದು ಸಹಜ, ಕಾರಿಲ್ಲದ ಮೆಕ್ಸಿಕೋ ಹಳ್ಳಿಯವರಲ್ಲೂ ಇದೆ. ಆದ್ರೆ ಆ ಹಳ್ಳಿಯವರ ಊಟದ ಪಾತ್ರೆಗಳಲ್ಲೇ ಸೀಸವಿತ್ತು! ಎಲ್ಲರಲ್ಲೂ ಇದೆ ಅಂದಮಾತ್ರಕ್ಕೆ ಅದು ಸಹಜ ಆಗಲ್ಲ ಅಂತ 1965ರಲ್ಲಿ ಪ್ಯಾಟರ್ಸನ್ ಬರೆದ. ಪ್ರತಿಫಲವಾಗಿ ತೈಲೋದ್ಯಮದ ಅನುದಾನ ಹೋಯ್ತು. 1971ರಲ್ಲಿ ವಾಯುವಿನಲ್ಲಿನ ಸೀಸದ ಬಗ್ಗೆ ರಚಿಸಿದ ರಾಷ್ಟ್ರೀಯ ಸಮಿತಿಯಲ್ಲೂ ಆತನಿಗೆ ಜಾಗ ಸಿಗಲಿಲ್ಲ.

ಅಮೆರಿಕದಲ್ಲಿ ಸೀಸ ಇಳಿಯುತ್ತಾ ಹೋದಂತೆ ಜನರ ರಕ್ತದಲ್ಲೂ ಇಳಿಯಿತು: 1976–80ರಿಂದ 1988–91ರೊಳಗೆ ಸರಾಸರಿ ಶೇ. 78ರಷ್ಟು. ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧ ಬಂದದ್ದು 1996ರ ಜನವರಿಯಲ್ಲಿ. ಪ್ಯಾಟರ್ಸನ್ ಅದಕ್ಕೂ ತಿಂಗಳು ಮುಂಚೆ ತೀರಿಕೊಂಡಿದ್ದ.

ನಮ್ಮ ದೇಶದಲ್ಲಿ ನಿಂತಿದ್ದು 2000ದಲ್ಲಿ. ಅಲ್ಲೀವರೆಗೆ ಅಪ್ಪನ ಮೊಪೆಡ್ ಹಿಂದೆ ಕೂತು ಆ ಹೊಗೆಯ ವಾಸನೆ ಇಷ್ಟಪಡ್ತಿದ್ದವನು ನಾನು. ಈಗ ಯಾವುದೇ ರಿಪೋರ್ಟಲ್ಲಿ 'ನಾರ್ಮಲ್' ಅಂತ ಕಂಡ್ರೆ ಒಂದು ಪ್ರಶ್ನೆ ಏಳುತ್ತೆ: ಯಾವುದಕ್ಕೆ ಹೋಲಿಸಿ?